ಎರಡು ಬಾಗಿಲುಗಳ ನಡುವೆ ನಡೆದ ಅನಧಿಕೃತ ಸಹಕಾರ

ಜೈವಿಕ ರಕ್ಷಣಾ ಜಂಟಿ ಸಂಶೋಧನಾ ಕೇಂದ್ರದ ಹೊರಬಾಗಿಲಿನವರಿಗೂ ಒಳಬಾಗಿಲಿನವರಿಗೂ, ಇಬ್ಬರ ನಡುವೆ ಹಾದುಹೋಗುವ ತಂತಿಯವರಿಗೆ ಒಂದು ಪ್ರತಿಯೊಂದಿಗೆ.

ಮಾನ್ಯರೇ,

ನಾನು ಕ್ಷೇಮ. ತಾವೂ ಕ್ಷೇಮವೆಂದು ಕೇಳಿ ಬಹಳ ದುಃಖವಾಯಿತು. ಕೀಲುಗಳಿಗೆ ಎಣ್ಣೆ ಬಿದ್ದಿದೆಯಂತೆ, ಕೆಂಪು ದೀಪ ಹೊತ್ತಿಗೆ ಸರಿಯಾಗಿ ಹಸಿರಾಗುತ್ತಿದೆಯಂತೆ, ತಮ್ಮಲ್ಲಿ ಒಬ್ಬರು ಮುಚ್ಚಿಕೊಂಡ ಕೂಡಲೇ ಇನ್ನೊಬ್ಬರು ಮರುಮಾತಿಲ್ಲದೆ ತೆರೆದುಕೊಳ್ಳುತ್ತಿದ್ದೀರಂತೆ. ಸರ್ಕಾರಿ ಸ್ವತ್ತಿನ ಮೇಲೆ ಅಪಾರ ಭರವಸೆ ಇಟ್ಟುಕೊಂಡಿದ್ದ ನನ್ನಂಥವಳಿಗೆ ಇದು ದೊಡ್ಡ ಪೆಟ್ಟು. ನಮ್ಮ ಕಚೇರಿಯ ಕೈತೊಳೆಯುವ ನಲ್ಲಿ ನಾನು ಕೆಲಸಕ್ಕೆ ಸೇರಿದಂದಿನಿಂದ ಸೋರುತ್ತಲೇ ಇರುವಾಗ ತಮಗೆ ಮಾತ್ರ ಇಷ್ಟು ಬೇಗ ರಿಪೇರಿಯ ಭಾಗ್ಯ ಹೇಗೆ ಬಂತೆಂದು ವಿಚಾರಿಸುವುದೂ, ದಯವಿಟ್ಟು ಮತ್ತೊಮ್ಮೆ ಕೆಟ್ಟುಹೋಗಬೇಕೆಂದು ಕೈಮುಗಿದು ಬೇಡಿಕೊಳ್ಳುವುದೂ ಈ ಪತ್ರದ ಉದ್ದೇಶ.

ಹೊರಬಾಗಿಲಿನವರನ್ನು ಮೊದಲು ಸಂಬೋಧಿಸಿದ್ದಕ್ಕೆ ಒಳಬಾಗಿಲಿನವರು ಬೇಸರಿಸಬಾರದು. ಯಾರ ಹೆಸರು ಮೊದಲು ಎಂಬ ಪ್ರಶ್ನೆ ನಮ್ಮ ಕೇಂದ್ರದಲ್ಲಿ ಎಷ್ಟು ನಾಜೂಕಿನದೆಂದು ತಮಗೆ ಗೊತ್ತೇ ಇದೆ. ಗೇಟಿನ ಫಲಕದ ಮೇಲೆ ಆರೋಗ್ಯ ಇಲಾಖೆ ಮೊದಲೋ, ಪಶುವೈದ್ಯ ಇಲಾಖೆ ಮೊದಲೋ, ರಕ್ಷಣಾ ಇಲಾಖೆ ಮೊದಲೋ ಎಂದು ಜಗಳವಾಗಿ, ಕೊನೆಗೆ ಫಲಕವನ್ನೇ ದುಂಡಗೆ ಮಾಡಿಸಿ ಮೂರೂ ಹೆಸರುಗಳನ್ನು ಅಂಚಿನ ಸುತ್ತ ಬರೆಸಿದ್ದಾರೆ. ಬಂದವರು ಅದನ್ನು ಕತ್ತು ತಿರುಚಿಕೊಂಡೇ ಓದಬೇಕು. ಓದಿ ಮುಗಿಸುವಷ್ಟರಲ್ಲಿ ಅರ್ಧ ಜನಕ್ಕೆ ತಲೆ ಸುತ್ತಿ ಬಂದ ಕೆಲಸ ಮರೆತುಹೋಗುತ್ತದೆ.

ಇದು ಬಹಿರಂಗ ಪತ್ರವಾದ್ದರಿಂದ ತಮ್ಮ ದರ್ಶನಭಾಗ್ಯವಿಲ್ಲದ ಓದುಗರಿಗೂ ತಮ್ಮ ಪರಿಚಯ ಮಾಡಿಕೊಡಬೇಕು. ಶತ್ರುಗಳು ಬಿಟ್ಟ ರೋಗಾಣುವಾಗಲಿ, ತಾನಾಗಿಯೇ ಬಂದ ರೋಗಾಣುವಾಗಲಿ, ಮೂರು ಇಲಾಖೆಗಳು ಒಟ್ಟಾಗಿ ಬೇಗ ಪತ್ತೆ ಹಚ್ಚಲೆಂದು ಈ ಕೇಂದ್ರವನ್ನು ಕಟ್ಟಿದರು. ಆರೋಗ್ಯದವರು ಮನುಷ್ಯರನ್ನು ನೋಡುತ್ತಾರೆ, ಪಶುವೈದ್ಯದ ನಾವು ಪ್ರಾಣಿಗಳನ್ನು ನೋಡುತ್ತೇವೆ, ರಕ್ಷಣೆಯವರು ನಮ್ಮಿಬ್ಬರನ್ನೂ ನೋಡುತ್ತಾರೆ, ಏನೂ ಹೇಳುವುದಿಲ್ಲ. ಪ್ರಯೋಗಾಲಯದೊಳಗಿನ ಗಾಳಿ ಹೊರಗೆ ಬರದಂತೆ ಎರಡು ಬಾಗಿಲು, ನಡುವೆ ಒಂದು ಪುಟ್ಟ ಕೋಣೆ. ಒಂದು ಬಾಗಿಲು ಮುಚ್ಚುವ ತನಕ ಇನ್ನೊಂದು ತೆರೆಯಕೂಡದು. ಹೊರಬಾಗಿಲನ್ನು ಆರೋಗ್ಯ ಇಲಾಖೆ ಕೊಂಡಿತು. ಒಳಬಾಗಿಲನ್ನು ನಮ್ಮ ಇಲಾಖೆ ಬೇರೊಂದು ಕಂಪನಿಯಿಂದ ತರಿಸಿತು. ‘ನಾನು ಮುಚ್ಚಿದ್ದೇನೆ, ನೀನು ತೆರೆಯಬಹುದು’ ಎಂದು ಒಬ್ಬರಿಂದ ಇನ್ನೊಬ್ಬರಿಗೆ ಸುದ್ದಿ ಮುಟ್ಟಿಸುವ ತಂತಿ ಮಾತ್ರ ರಕ್ಷಣೆಯವರದು.

ರೋಗಾಣುಗಳ ವಿಷಯದಲ್ಲಿ ತಮ್ಮ ಈ ನಡವಳಿಕೆ ಎಷ್ಟು ಶ್ಲಾಘನೀಯವೆಂದರೆ, ಜಂಟಿ ಸಮಿತಿಯು ಅದನ್ನು ಮನುಷ್ಯರಿಗೂ ಅನ್ವಯಿಸಿಬಿಟ್ಟಿತು. ಒಂದು ಇಲಾಖೆ ಬಾಯಿ ತೆರೆದಾಗ ಇನ್ನೊಂದು ಮುಚ್ಚಿಕೊಂಡಿರಬೇಕು. ತಿಂಗಳಿಗೊಮ್ಮೆ ಸಭೆ ಸೇರುತ್ತೇವೆ, ಚಹಾ ಕುಡಿಯುತ್ತೇವೆ, ‘ನಮ್ಮ ಕಡೆಯಿಂದ ಪೂರ್ಣ ಸಹಕಾರವಿದೆ’ ಎಂದು ಮೂವರೂ ಸರದಿಯಂತೆ ಹೇಳುತ್ತೇವೆ, ತಂದ ಫೈಲನ್ನು ಬಿಚ್ಚದೆ ಎದೆಗವಚಿಕೊಂಡು ವಾಪಸು ಹೋಗುತ್ತೇವೆ. ಒಂದೇ ರೋಗಕ್ಕೆ ನಾವು ನೆರಡಿ ಎನ್ನುತ್ತೇವೆ, ಆರೋಗ್ಯದವರು ಆಂಥ್ರಾಕ್ಸ್ ಎನ್ನುತ್ತಾರೆ, ರಕ್ಷಣೆಯವರು ‘ವಸ್ತು ಏಳು’ ಎನ್ನುತ್ತಾರೆ. ಒಂದರಿಂದ ಆರರವರೆಗೆ ಏನೇನಿವೆ ಎಂದು ಒಮ್ಮೆ ಕೇಳಿದ್ದಕ್ಕೆ ಮುಂದಿನ ಸಭೆಯಲ್ಲಿ ನನ್ನ ಕುರ್ಚಿಯನ್ನು ಕಿಟಕಿಯಿಂದ ದೂರ ಹಾಕಿಸಿದ್ದರು.

ನಾನು ಪಶುವೈದ್ಯ ಇಲಾಖೆಯ ಸಂಶೋಧನಾಧಿಕಾರಿ. ಆರೋಗ್ಯ ಇಲಾಖೆಯ ಹುಡುಗರು ನನ್ನನ್ನು ‘ದನದ ಮೇಡಂ’ ಎಂದು ಕರೆಯುತ್ತಾರೆ. ಕೇಳಿಸುವುದಿಲ್ಲವೆಂದು ಅವರ ಭಾವನೆ. ಅವರ ಅಧಿಕಾರಿಗೆ ನಮ್ಮವರು ‘ಜ್ವರದ ಸಾರ್’ ಎಂದು ಹೆಸರಿಟ್ಟಿದ್ದಾರೆ. ಒಂದು ಇಲಾಖೆಯ ಮಾದರಿಗಳ ಹತ್ತಿರ ಇನ್ನೊಂದು ಇಲಾಖೆಯವರು ಒಂಟಿಯಾಗಿ ಇರಕೂಡದೆಂಬ ನಿಯಮವಿರುವುದರಿಂದ ನಾವಿಬ್ಬರೂ ಯಾವಾಗಲೂ ಜೊತೆಯಾಗಿಯೇ ತಮ್ಮನ್ನು ದಾಟಬೇಕು. ಹೀಗೆ ವರ್ಷಗಟ್ಟಲೆ ಒಬ್ಬರ ಭುಜಕ್ಕೆ ಒಬ್ಬರು ತಾಗಿಕೊಂಡು ಆ ಕೋಣೆಯಲ್ಲಿ ನಿಂತಿದ್ದೇವೆ. ಮಾತಾಡಿದ್ದು ಮಾತ್ರ ಹವೆಯ ಬಗ್ಗೆ, ಅದೂ ಹೊರಗಿನ ಹವೆಯ ಬಗ್ಗೆ.

ಇನ್ನು ಆ ಮಂಗಳವಾರದ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಅಕ್ಕ ಫೋನು ಮಾಡಿದ್ದಳು. ಭಾವನಿಗೆ ಕೈಗೆ ಏನೋ ಹುಳ ಕಚ್ಚಿ ಜ್ವರ ಬಂದಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಸಂಜೆ ನೋಡಲು ಬಿಡುತ್ತಾರೆ, ಬಾ ಎಂದಳು. ಅವಳ ದನಿ ಒಂದು ಥರಾ ಇತ್ತು, ಏನೋ ಹೇಳಲು ಹೋಗಿ ನುಂಗಿಕೊಂಡ ಹಾಗೆ. ನಾನು ಗಾಬರಿಗೆ ಹಾಗಾಗಿದೆ ಅಂದುಕೊಂಡೆ. ಭಾವ ನನಗೆ ಬರೀ ಅಕ್ಕನ ಗಂಡ ಅಲ್ಲ. ನಮ್ಮಪ್ಪ ಬೇಗ ಹೋದ ಮೇಲೆ ನನ್ನ ಕಾಲೇಜು ಶುಲ್ಕ ಕಟ್ಟಿದವರು, ‘ದನದ ಡಾಕ್ಟ್ರಾಗ್ತೀಯಾ, ಆಗು, ನಮ್ಮ ಆಡುಗಳಿಗೂ ಒಬ್ಬರು ಬೇಕು’ ಎಂದು ತಮಾಷೆ ಮಾಡುತ್ತಲೇ ಬೆನ್ನಿಗೆ ನಿಂತವರು. ಅವರದು ಬ್ರಷ್ ಮಾಡುವ ಕಾರ್ಖಾನೆ. ಕಾರ್ಖಾನೆ ಎಂದರೆ ತಗಡಿನ ಸೂರಿನ ಒಂದು ಉದ್ದನೆಯ ಕೋಣೆ, ಬಣ್ಣ ಬಳಿಯುವ ಬ್ರಷ್ಷು, ಗಡ್ಡದ ಬ್ರಷ್ಷು, ಹಿಡಿಕೆಗೆ ಹಚ್ಚುವ ಅಂಟಿನ ವಾಸನೆ, ಹಿಂದೆ ಹಿತ್ತಲಲ್ಲಿ ನಾಲ್ಕಾರು ಆಡು.

ಅದೇ ದಿನ ಮಧ್ಯಾಹ್ನ ನಾನು ನನ್ನ ಮಾದರಿಗಳ ಡಬ್ಬಿ ಹಿಡಿದು, ಜ್ವರದ ಸಾರ್ ತಮ್ಮ ಡಬ್ಬಿ ಹಿಡಿದು, ತಮ್ಮ ಸನ್ನಿಧಿಗೆ ಬಂದೆವು. ಫೋನು, ಪೆನ್ನು, ಕಾಗದ, ಎಲ್ಲವನ್ನೂ ನಿಯಮದಂತೆ ಹೊರಗಿನ ಕಪಾಟಿನಲ್ಲಿಟ್ಟೆವು. ಹೊರಬಾಗಿಲಿನವರು ನಮ್ಮನ್ನು ಒಳಗೆ ಬಿಟ್ಟುಕೊಂಡು ಮುಚ್ಚಿಕೊಂಡರು. ಒಳಬಾಗಿಲಿನವರು ತೆರೆಯಲಿಲ್ಲ. ಹೊರಬಾಗಿಲು ಮುಚ್ಚಿದ ಸುದ್ದಿ ತಮಗೆ ಮುಟ್ಟಿಲ್ಲವೆಂದು ಒಳಬಾಗಿಲಿನವರು, ಒಳಬಾಗಿಲು ತೆರೆದಿಲ್ಲವೆಂಬ ಭರವಸೆ ಸಿಕ್ಕಿಲ್ಲವೆಂದು ಹೊರಬಾಗಿಲಿನವರು, ಇಬ್ಬರೂ ಕೆಂಪು ದೀಪ ಹಚ್ಚಿಕೊಂಡು, ಇನ್ನೊಬ್ಬರು ಮೊದಲು ಏನಾದರೂ ಹೇಳಲಿ ಎಂದು ಕಾದು ನಿಂತಿರಿ. ಸರ್ಕಾರಿ ನೌಕರಿಯ ಇಷ್ಟು ಪಕ್ವವಾದ ಅನುಭವ ಉಕ್ಕಿನ ಬಾಗಿಲುಗಳಿಗೆ ಹೇಗೆ ಬಂತೋ ಕಾಣೆ.

ನಾನು ಗೋಡೆಯ ಗುಂಡಿ ಒತ್ತಿದೆ. ಸಮಿತಿಯ ಸಮನ್ವಯಾಧಿಕಾರಿಗಳು ಸ್ಪೀಕರಿನಲ್ಲಿ ಬಂದರು. ಮೂರು ಇಲಾಖೆಗಳ ನಡುವೆ ಸಮನ್ವಯ ತರುವುದಕ್ಕೆಂದೇ ಸಂಬಳ ಪಡೆಯುವ ಸಜ್ಜನರು ಇವರು. ಬಾಗಿಲು ಸಿಕ್ಕಿಕೊಂಡಿದೆ ಎಂದೊಡನೆ ಅವರು ಕೇಳಿದ ಮೊದಲ ಮಾತು, “ಗಾಬರಿಯಾಗ್ಬೇಡಿ ಮೇಡಂ, ಒಂದೇ ಒಂದು ಕೇಳ್ತೀನಿ, ನೀವಿಬ್ರೂ ಒಳಗೆ ಏನೂ ಮಾತಾಡ್ತಿಲ್ಲ ತಾನೆ?” ಇಲ್ಲವೆಂದೆ. ಅವರು ನಿಟ್ಟುಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. ಹೊರಬಾಗಿಲಿನ ಮೆಕ್ಯಾನಿಕ್ಕನ್ನು ಕರೆಸಲು ಆರೋಗ್ಯ ಇಲಾಖೆಗೆ, ಒಳಬಾಗಿಲಿನವನಿಗಾಗಿ ಪಶುವೈದ್ಯ ಇಲಾಖೆಗೆ, ತಂತಿಯ ವಿಚಾರವಾಗಿ ರಕ್ಷಣಾ ಇಲಾಖೆಗೆ ಕೂಡಲೇ ಬರೆಯುತ್ತೇನೆ ಎಂದು ಹೇಳಿ ಮರೆಯಾದರು.

ನಿಲ್ಲಲಾಗದೆ ಜ್ವರದ ಸಾರ್ ನೆಲದ ಮೇಲೆ ಕುಳಿತರು. ಎದುರಿಗೆ ನಾನೂ ಕುಳಿತೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜಾಗ, ಬಿಳಿ ಟೈಲ್ಸಿನ ಗೋಡೆ, ಮೇಲೆ ಗೊರ್ ಎನ್ನುವ ಗಾಳಿಯಂತ್ರ, ಹೊರಬಾಗಿಲಿನವರ ಮುಖದ ನಡುವೆ ಅಂಗೈಯಗಲದ ಒಂದು ದುಂಡು ಗಾಜು. ನಾನು ಗಡಿಯಾರವಿಲ್ಲದ ಗೋಡೆಯನ್ನು ಮತ್ತೆ ಮತ್ತೆ ನೋಡುವುದನ್ನು ಕಂಡು ಅವರು, “ಯಾಕೆ ಮೇಡಂ, ಎಲ್ಲಿಗಾದ್ರೂ ಹೋಗ್ಬೇಕಿತ್ತಾ?” ಅಂದರು. ಭಾವನ ವಿಷಯ ಹೇಳಿದೆ. ಅದು ಮನೆಯ ಮಾತು, ಇಲಾಖೆಯ ಮಾಹಿತಿಯಲ್ಲ ಎಂಬ ಧೈರ್ಯವಿತ್ತು. ವೈದ್ಯರ ಅಭ್ಯಾಸ ನೋಡಿ, ಎಲ್ಲಿ ಕಚ್ಚಿದ್ದು ಎಂದು ಕೇಳಿದರು. ಮುಂಗೈ ಹತ್ತಿರ ಎಂದೆ. ಏನು ಕೆಲಸ ಮಾಡ್ತಾರೆ ಎಂದರು. ಆಡಿನ ಕೂದಲಿಂದ ಬ್ರಷ್ ಮಾಡ್ತಾರೆ ಎಂದೆ.

ಜ್ವರದ ಸಾರ್ ತೊಡೆಯ ಮೇಲಿದ್ದ ಡಬ್ಬಿಯನ್ನು ನಿಧಾನವಾಗಿ ನೆಲಕ್ಕಿಟ್ಟರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಹೀಗಂದರು: “ಮೇಡಂ, ಇದು ಇನ್ನೂ ಸಮಿತಿ ಮುಂದೆ ಬಂದಿಲ್ಲ, ಅದಕ್ಕೇ ನಾನು ನಿಮಗೆ ಹೇಳ್ತಿಲ್ಲ ಅಂತಲೇ ತಿಳ್ಕೊಳ್ಳಿ. ಈ ಡಬ್ಬೀಲಿರೋದು ಒಬ್ರು ಬ್ರಷ್ ಮಾಡೋರ ಕೈ ಹುಣ್ಣಿನ ಮಾದರಿ. ಹೆಸರು ನನಗೂ ಗೊತ್ತಿಲ್ಲ, ಬರೀ ನಂಬರ್. ಹುಣ್ಣಿನ ನಡುವೆ ಕಪ್ಪಗಾಗಿದೆ, ನೋವೇ ಇಲ್ವಂತೆ. ಆಸ್ಪತ್ರೆಯವರು ಹುಳ ಕಚ್ಚಿದ್ದು ಅಂತಿದ್ದಾರೆ. ನನಗ್ಯಾಕೋ ಅನುಮಾನ. ಆ ಸುತ್ತಮುತ್ತ ಪ್ರಾಣಿಗಳೇನಾದ್ರೂ ಸತ್ತಿವೆಯಾ ಅಂತ ನಿಮ್ಮ ಇಲಾಖೆಗೆ ಬರೆದು ಕೇಳಿದೆ. ಸಮಿತಿ ಮುಂದೆ ಇಡ್ತೀವಿ ಅಂತ ಉತ್ತರ ಬಂತು.”

ಮಾನ್ಯರೇ, ಆಗ ನಾನು ನನ್ನ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಏಕೆಂದರೆ ನನ್ನ ಡಬ್ಬಿಯಲ್ಲಿದ್ದದ್ದು ಸತ್ತ ಆಡುಗಳ ರಕ್ತ. ಅದರಲ್ಲಿ ನೆರಡಿಯ ರೋಗಾಣುವನ್ನು ನಾನೇ ಕಣ್ಣಾರೆ ಕಂಡಿದ್ದೆ. ಅದಕ್ಕೂ ನಂಬರು ಮಾತ್ರ, ಮನೆ ಯಾವುದು, ಬೀದಿ ಯಾವುದು, ಏನೂ ಇಲ್ಲ. ವಿಳಾಸವನ್ನು ಸಮಿತಿ ಲಕೋಟೆಯೊಳಗೆ ಮುದ್ರೆ ಹಾಕಿ ಇಟ್ಟುಕೊಳ್ಳುತ್ತದೆ. ಆದರೆ ಮಾದರಿ ತಂದುಕೊಟ್ಟ ನಮ್ಮ ಸಹಾಯಕರು, “ಮೈಯೆಲ್ಲ ಕೂದಲು ಮೇಡಂ, ಅಂಗಿ ಎಷ್ಟು ಒಗೆದ್ರೂ ಹೋಗ್ತಿಲ್ಲ” ಎಂದು ಗೊಣಗಿದ್ದರು. ಆಡು ಮುಟ್ಟಿದವರ ಮೈಗೆ ಕೂದಲು ಹತ್ತದೆ ಇನ್ನೇನು ಹತ್ತೀತು ಎಂದು ಅದನ್ನು ಅಲ್ಲಿಗೇ ಬಿಟ್ಟಿದ್ದೆ. ಒಗೆದರೂ ಹೋಗದ ಕೂದಲೆಂದರೆ ಕತ್ತರಿಸಿ ಕಟ್ಟು ಕಟ್ಟಿಟ್ಟ ಕೂದಲು. ಹಿತ್ತಲಲ್ಲಿ ಆಡು, ಮುಂದೆ ಕೂದಲಿನ ಕಟ್ಟು, ಎರಡೂ ಇರುವ ಜಾಗ ನಮ್ಮೂರಲ್ಲಿ ಒಂದೇ ಒಂದು.

ನಾನು ಜ್ವರದ ಸಾರ್‌ಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ನನ್ನ ಡಬ್ಬಿಯನ್ನು ಅವರ ಡಬ್ಬಿಯ ಪಕ್ಕದಲ್ಲಿಟ್ಟೆ. ಈ ಕಟ್ಟಡ ಎದ್ದ ಮೇಲೆ ಎರಡು ಇಲಾಖೆಗಳ ಡಬ್ಬಿಗಳು ಒಂದೇ ಟೈಲ್ಸಿನ ಮೇಲೆ ಕುಳಿತದ್ದು ಅದೇ ಮೊದಲು. ಆಡುಗಳನ್ನು ಹೂಳಿಸಿ ಬಂದ ನಮ್ಮವರು ಮನೆಯವರಿಗೆ ಏಕೆ ಎಚ್ಚರಿಕೆ ಹೇಳಲಿಲ್ಲ ಎಂದು ಅವರು ಕೇಳಿದಾಗ ನನಗೆ ತಲೆ ತಗ್ಗಿಸುವಂತಾಯಿತು. ಮನುಷ್ಯರನ್ನು ಎಚ್ಚರಿಸುವುದು ಆರೋಗ್ಯ ಇಲಾಖೆಯ ಅಧಿಕಾರವ್ಯಾಪ್ತಿಗೆ ಸೇರಿದ್ದರಿಂದ ನಮ್ಮವರು ಉಳಿದ ಆಡುಗಳನ್ನು ಮಾತ್ರ ಎಚ್ಚರಿಕೆಯಿಂದ ನೋಡಿಕೊಂಡು, ಮನೆಯವರಿಗೆ ಈ ವಿಷಯ ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದು ಹೇಳಿ ಬಂದಿದ್ದರು. ಬೆಳಿಗ್ಗೆ ಅಕ್ಕ ನುಂಗಿಕೊಂಡ ಮಾತು ಯಾವುದೆಂದು ಆಗ ಹೊಳೆಯಿತು.

ಗುಂಡಿ ಒತ್ತಿ, ಆಸ್ಪತ್ರೆಗೆ ನೀವೇ ಫೋನು ಮಾಡಿ ಇದು ಇಂಥ ರೋಗವೆಂದು ಹೇಳಿ, ಈಗಲೇ ಔಷಧಿ ಬದಲಿಸಲಿ, ತಡವಾದರೆ ಮನುಷ್ಯ ಉಳಿಯುವುದಿಲ್ಲ ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಸಮನ್ವಯಾಧಿಕಾರಿಗಳಿಗೆ ಗಾಬರಿಯಾಯಿತು. ನಮ್ಮ ಭಾವನ ಬಗ್ಗೆ ಅಲ್ಲ, ನಾವು ಒಟ್ಟಿಗೆ ಕೂಗಿದ್ದರ ಬಗ್ಗೆ. “ಅಯ್ಯೋ ಮೇಡಂ, ಆ ಹೆಸರನ್ನ ಸ್ಪೀಕರಲ್ಲಿ ಹೇಳ್ಬೇಡಿ, ಈ ತಂತಿ ರಕ್ಷಣೆಯವರದು. ಅಲ್ಲಿ ಅದಕ್ಕೆ ವಸ್ತು ಏಳು ಅಂತಾನೇ ಅನ್ಬೇಕು” ಎಂದರು. ವಸ್ತು ಏಳು ಎಂದರೆ ಆಸ್ಪತ್ರೆಯವರಿಗೆ ಏನರ್ಥವಾಗುತ್ತದೆ ಎಂದು ಜ್ವರದ ಸಾರ್ ಕೇಳಿದ್ದಕ್ಕೆ, ಅರ್ಥವಾಗಬಾರದೆಂದೇ ಆ ಹೆಸರಿಟ್ಟಿರುವುದು ಎಂದು ವಿನಯದಿಂದ ವಿವರಿಸಿದರು. ಅಲ್ಲದೆ ಎರಡು ಬಾಗಿಲುಗಳ ನಡುವಿನ ಜಾಗ ಯಾವ ಇಲಾಖೆಗೂ ಸೇರಿಲ್ಲವಾದ್ದರಿಂದ ಅಲ್ಲಿ ಹುಟ್ಟಿದ ಮಾಹಿತಿಯನ್ನು ಯಾರ ಹೆಸರಿನಲ್ಲಿ ಕಳಿಸುವುದೆಂಬ ತೊಡಕೂ ಇತ್ತು. ಮೂರೂ ಇಲಾಖೆಗಳಿಗೆ ಬರೆದು ಕೇಳುತ್ತೇನೆ ಎಂದು ಅವರು ಮತ್ತೆ ಮರೆಯಾದರು. ಆಮೇಲೆ ಎಷ್ಟು ಗುಂಡಿ ಒತ್ತಿದರೂ ಸ್ಪೀಕರು ಉಸಿರೆತ್ತಲಿಲ್ಲ.

ನಾನು ಅತ್ತೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಆಸ್ಪತ್ರೆ ಆ ಕಟ್ಟಡದಿಂದ ಎರಡು ಬೀದಿ ಆಚೆ ಇತ್ತು. ರೋಗ ಏನೆಂದು ಗೊತ್ತಿದ್ದ ಇಬ್ಬರು ಗಾಜಿನ ಹಿಂದೆ ನೆಲದ ಮೇಲೆ ಕುಳಿತಿದ್ದೆವು, ಗೊತ್ತಿಲ್ಲದವರು ನನ್ನ ಭಾವನ ಕೈಗೆ ಮುಲಾಮು ಹಚ್ಚುತ್ತಿದ್ದರು.

ಆಗ ತಮ್ಮ ದುಂಡು ಗಾಜಿನಲ್ಲಿ ಒಂದು ಮುಖ ಕಂಡಿತು. ಕಾವಲಿನವರು, ಕೆಂಪು ದೀಪ ಏಕೆ ಆರಿಲ್ಲವೆಂದು ನೋಡಲು ಬಂದಿದ್ದರು. ಅವರು ಯಾವ ಇಲಾಖೆಗೂ ಸೇರಿದವರಲ್ಲ, ಗುತ್ತಿಗೆಯವರು. ಆದ್ದರಿಂದ ಅವರ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ. ತಮ್ಮ ಉಕ್ಕಿನ ದಪ್ಪದಲ್ಲಿ ಮಾತು ಕೇಳುವಂತಿರಲಿಲ್ಲ. ನಾನು ಗಾಜಿಗೆ ಉಸಿರು ಊದಿ, ಮೂಡಿದ ಆವಿಯ ಮೇಲೆ ಬೆರಳಿನಿಂದ, ಹೊರಗಿನವರಿಗೆ ನೇರವಾಗಿ ಕಾಣಲೆಂದು ತಿರುಗುಮುರುಗಾಗಿ ‘ಅಕ್ಕ’ ಎಂದು ಬರೆದು ಕೆಳಗೆ ಅವಳ ಫೋನ್ ನಂಬರು ಗೀಚಿದೆ. ಕಾವಲಿನವರು ಫೋನು ತೆಗೆದು ಒತ್ತತೊಡಗಿದರು. ಮುಂದಿನ ಮಾತು ಬರೆಯೋಣವೆಂದರೆ ಗಾಳಿಯಂತ್ರ ಚುರುಕಾಗಿ ಗಾಜು ಒಣಗಿಹೋಯಿತು, ಎಷ್ಟು ಊದಿದರೂ ಆವಿ ನಿಲ್ಲಲಿಲ್ಲ. ಬೇರೆ ದಾರಿ ಕಾಣದೆ ನಾನು ತಲೆಯ ಮೇಲೆ ಎರಡು ಬೆರಳಿಟ್ಟು ಕೊಂಬು ಮಾಡಿದೆ.

ಒಬ್ಬಳೇ ಮಾಡಿದರೆ ಅದು ಎತ್ತೋ ಎಮ್ಮೆಯೋ ತಿಳಿಯುವುದಿಲ್ಲವೆಂದು ಜ್ವರದ ಸಾರ್ ಗಲ್ಲದ ಕೆಳಗೆ ಕೈಯಿಟ್ಟು ಗಡ್ಡ ಅಲ್ಲಾಡಿಸಿದರು. ಆಮೇಲೆ, ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದ ಆ ಹಿರಿಯ ಅಧಿಕಾರಿ ನಾಲಿಗೆ ಹೊರಚಾಚಿ ನಾಲ್ಕು ಕೈಕಾಲು ಮೇಲೆತ್ತಿ ನೆಲಕ್ಕೆ ಬಿದ್ದು ಸತ್ತ ಆಡಾದರು. ಎದ್ದು ತೋಳು ಮಡಚಿ ಮುಂಗೈ ತೋರಿಸಿದರು. ಎದೆಗೆ ಕೊಳವೆಯಿಟ್ಟು ನೋಡುವ ಡಾಕ್ಟರಾದರು. ಮತ್ತೆ ಬಿದ್ದು ಮತ್ತೆ ಸತ್ತರು. ಕಾವಲಿನವರು ಕಣ್ಣು ಕಣ್ಣು ಬಿಡುತ್ತ ಕಂಡದ್ದನ್ನೆಲ್ಲ ಫೋನಿನಲ್ಲಿ ಒಪ್ಪಿಸಿದರು. ಅಕ್ಕ ಅದನ್ನು ಈಗಲೂ ಅವರದೇ ದನಿಯಲ್ಲಿ ಹೇಳುತ್ತಾಳೆ: “ಅಮ್ಮಾ, ನಿಮ್ಮ ತಂಗಿ ಇರ್ಬೇಕು, ಗಾಜಿನ ಹಿಂದೆ ನಿಂತ್ಕೊಂಡು ಕೊಂಬು ತೋರಿಸ್ತಿದ್ದಾರೆ. ಪಕ್ಕದಲ್ಲಿ ಒಬ್ರು ಸಾಹೇಬ್ರು ಆಡಿನ ಥರ ಸತ್ತು ಸತ್ತು ಏಳ್ತಿದ್ದಾರೆ. ಕೈ ತೋರಿಸ್ತಾರೆ, ಡಾಕ್ಟ್ರನ್ನ ಮಾಡ್ತಾರೆ. ಇವ್ರಿಗೇನಾಗಿದೆಯೋ ನಂಗೊತ್ತಿಲ್ಲ, ನಿಮಗೇನಾದ್ರೂ ಗೊತ್ತಾಯ್ತಾ?”

ಅಕ್ಕನಿಗೆ ಗೊತ್ತಾಯಿತು. ವಾರ್ಡಿನೊಳಗೆ ಓಡಿ, ಮನೆಯಲ್ಲಿ ಆಡುಗಳು ಸತ್ತದ್ದನ್ನು ಡಾಕ್ಟರ ಮುಂದೆ ಒಂದೇ ಉಸಿರಿಗೆ ಹೇಳಿದಳು. ಆ ಡಾಕ್ಟರು ಒಳ್ಳೆಯವರು, ಬುದ್ಧಿವಂತರು. ಅವರಿಗೆ ಬೇಕಾಗಿದ್ದದ್ದು ಆ ಒಂದು ಮಾತು ಮಾತ್ರ. ಕೂಡಲೇ ಸರಿಯಾದ ಔಷಧಿ ಶುರುವಾಯಿತು. ಇನ್ನೊಂದು ರಾತ್ರಿ ಕಳೆದಿದ್ದರೆ ಕೈಮೀರುತ್ತಿತ್ತು ಎಂದು ಅವರೇ ಆಮೇಲೆ ಹೇಳಿದರು. ಭಾವ ಬದುಕಿದರು. ಮೊನ್ನೆ ನೋಡಲು ಹೋದಾಗ, “ಎಲ್ಲಿ, ಇನ್ನೊಂದ್ಸಲ ಕೊಂಬು ಇಟ್ಕೋ, ನಿಂಗೆ ಚೆನ್ನಾಗಿ ಒಪ್ಪುತ್ತೆ” ಎಂದು ರೇಗಿಸಿದರು. ಅಕ್ಕನನ್ನು ಮಾತ್ರ ನಾನು ಬಿಡಲಿಲ್ಲ, ನನಗೂ ಹೇಳದೆ ಹೇಗಿದ್ದೆ ಎಂದು ಜಗಳಕ್ಕೆ ನಿಂತೆ. “ನಿಮ್ಮ ಇಲಾಖೆಯವ್ರೇ ಯಾರಿಗೂ ಹೇಳ್ಬೇಡಿ ಅಂದಿದ್ರು ಕಣೇ. ನಿಂಗೆ ಹೇಳಿ ನಿನ್ನ ಕೆಲಸಕ್ಕೆ ಯಾಕೆ ಕುತ್ತು ತರ್ಲಿ ಅಂತ ಬಾಯ್ಮುಚ್ಕೊಂಡಿದ್ದೆ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಾವು ತೆರೆದ ಬಗೆಯನ್ನೂ ಹೇಳಿಬಿಡುತ್ತೇನೆ. ಸಂಜೆಯ ಹೊತ್ತಿಗೆ ಎರಡು ಕಂಪನಿಗಳ ಮೆಕ್ಯಾನಿಕ್ಕುಗಳು ಬಂದು, ತಪ್ಪು ಆಚೆಯವರ ಬಾಗಿಲಿನದೆಂದು ಇಬ್ಬರೂ ಖಚಿತಪಡಿಸಿದರು. ಆಮೇಲೆ ರಕ್ಷಣೆಯವರೊಬ್ಬರು ಬಂದು, ಯಾರ ಮುಖವನ್ನೂ ನೋಡದೆ, ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿ ಹೊರಟುಹೋದರು. ತಂತಿಗೆ ಏನಾಗಿತ್ತು ಎಂಬುದು ಈಗಲೂ ರಹಸ್ಯ. ಅವರ ಕೆಲಸದ ಚುರುಕನ್ನು ಕಂಡು ನನಗೆ ಆ ತಂತಿಯನ್ನು ಸಮಿತಿಯ ಅಧ್ಯಕ್ಷಸ್ಥಾನದಲ್ಲಿ ಕೂರಿಸಬಾರದೇಕೆ ಎನ್ನಿಸಿತು. ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ಒಯ್ಯುವ ಉದ್ದೇಶದಿಂದ ಹುಟ್ಟಿದ್ದು ಇಡೀ ಕೇಂದ್ರದಲ್ಲಿ ಅದೊಂದೇ.

ಮರುವಾರ ನಮ್ಮಿಬ್ಬರಿಗೂ ನೋಟಿಸು ಬಂತು. ನಮ್ಮ ಅಪರಾಧಕ್ಕೆ ‘ಅನಧಿಕೃತ ಸಹಕಾರ’ ಎಂದು ಹೆಸರಿಟ್ಟಿದ್ದಾರೆ. ನಾನು ಸರ್ಕಾರಿ ಗಾಜಿನ ಮೇಲೆ ಅನುಮತಿಯಿಲ್ಲದೆ ಉಸಿರು ಬಿಟ್ಟಿದ್ದೇನೆ. ಜ್ವರದ ಸಾರ್ ಮೇಲಿನ ಆಪಾದನೆ ಇನ್ನೂ ಗಂಭೀರವಾದದ್ದು: ಆರೋಗ್ಯ ಇಲಾಖೆಯ ಅಧಿಕಾರಿಯಾಗಿದ್ದುಕೊಂಡು ಆಡಿನಂತೆ ನಟಿಸಿ ಪಶುವೈದ್ಯ ಇಲಾಖೆಯ ವ್ಯಾಪ್ತಿಯನ್ನು ಅತಿಕ್ರಮಿಸಿದ್ದಾರೆ. ಆಡಾಗಬೇಕಾಗಿದ್ದರೆ ನಾನೇ ಆಗಬೇಕಿತ್ತು, ಸಾಯುವ ಭಾಗಕ್ಕೆ ಜಂಟಿ ಅನುಮತಿ ಬೇಕಿತ್ತು. ವಿಚಾರಣೆ ಮುಗಿಯುವ ತನಕ ನಾವಿಬ್ಬರೂ ಹವೆಯ ಬಗ್ಗೆಯೂ ಮಾತಾಡುವಂತಿಲ್ಲ. ಕಾವಲಿನವರನ್ನು ಬೇರೆ ಕಟ್ಟಡಕ್ಕೆ ಹಾಕಿದ್ದಾರೆ. ಸಮನ್ವಯಾಧಿಕಾರಿಗಳಿಗೆ ಮಾತ್ರ ಉತ್ತಮ ಸಮನ್ವಯಕ್ಕಾಗಿ ಪ್ರಶಂಸಾಪತ್ರ ದೊರೆತಿದೆ. ಆ ಒಂದು ಮಧ್ಯಾಹ್ನ ಮೂರು ಇಲಾಖೆಗಳ ನಡುವೆ ಓಡಾಡಿದಷ್ಟು ಪತ್ರಗಳು ಹಿಂದಿನ ಇಡೀ ವರ್ಷದಲ್ಲಿ ಓಡಾಡಿರಲಿಲ್ಲವಂತೆ. ಆ ಪತ್ರಗಳಿಗೆ ಉತ್ತರ ಬಂದಿದೆಯೇ ಎಂದು ನಾನು ಕೇಳಲಿಲ್ಲ, ನನಗಿನ್ನೂ ಕುರ್ಚಿ ಬೇಕು.

ಈಗ ತಮ್ಮ ಮೇಲಿನ ದೂರು. ಕೆಟ್ಟು ನಿಂತ ಒಂದು ಮಧ್ಯಾಹ್ನದಲ್ಲಿ ತಾವು ಮಾಡಿದ ಉಪಕಾರವನ್ನು ಸಮಿತಿ ಇಷ್ಟು ವರ್ಷದಲ್ಲಿ ಮಾಡಿರಲಿಲ್ಲ. ಅಂಥ ತಾವು ಒಂದು ತೊಟ್ಟು ಎಣ್ಣೆಗೆ ಮಾರುಹೋಗಿ ಮತ್ತೆ ಸರಿಯಾಗಿಬಿಟ್ಟಿರಲ್ಲ! ನಿನ್ನೆ ತಮ್ಮನ್ನು ದಾಟಿದೆ. ಜ್ವರದ ಸಾರ್ ಪಕ್ಕದಲ್ಲಿದ್ದರು, ಇಬ್ಬರ ಕೈಯಲ್ಲೂ ಹೊಸ ಡಬ್ಬಿಗಳು, ಅವುಗಳ ಮೇಲೆ ಹೊಸ ನಂಬರುಗಳು. ನನ್ನದರಲ್ಲಿ ಯಾವುದೋ ಹಿತ್ತಲಿನ ಕೋಳಿಗಳು. ಅವರದರಲ್ಲಿ ಯಾರು ಎಂದು ಗೊತ್ತಿಲ್ಲ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ ತಾವು ಠಕ್ಕೆಂದು ತೆರೆದುಕೊಂಡಿರಿ. ನನಗೆ ಭಯವಾಗುತ್ತದೆ, ಮಾನ್ಯರೇ, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತದೆ. ಆ ಕೋಳಿಗಳ ಮನೆಯಲ್ಲೂ ಯಾರೋ ಒಬ್ಬಳು ಬಾಯಿ ಮುಚ್ಚಿಕೊಂಡು ಕುಳಿತಿರುತ್ತಾಳೆ, ಅವಳಿಗೆ ಇಲಾಖೆಯಲ್ಲಿ ತಂಗಿ ಇರುವುದಿಲ್ಲ.

ಆದ್ದರಿಂದ ನನ್ನ ಪ್ರಾರ್ಥನೆಗಳನ್ನು ದಯವಿಟ್ಟು ಪರಿಶೀಲಿಸಬೇಕು. ತಾವು ವಾರಕ್ಕೊಮ್ಮೆಯಾದರೂ, ಮಂಗಳವಾರವಾದರೆ ಅನುಕೂಲ, ಊಟದ ಹೊತ್ತಿಗೆ ಕೆಟ್ಟುಹೋಗಬೇಕು. ಮುಂದಿನ ಸಭೆಯನ್ನು ತಮ್ಮ ನಡುವಿನ ಕೋಣೆಯಲ್ಲೇ ನಡೆಸುವಂತೆ ಮೇಲಿನವರಿಗೆ ಕನಸಿನಲ್ಲಿ ಬಂದು ಸೂಚಿಸಬೇಕು. ಮೂವರು ನಿರ್ದೇಶಕರೂ ಒಳಗೆ ಬಂದ ಮೇಲೆ ತಾವಿಬ್ಬರೂ ಕೆಂಪು ದೀಪ ಹಚ್ಚಿಕೊಂಡು, ಒಬ್ಬರಿಗೊಬ್ಬರು ಡಬ್ಬಿಯಲ್ಲಿರುವುದನ್ನು ಹೇಳಿ ಮುಗಿಸುವ ತನಕ ಎಷ್ಟು ಗುದ್ದಿದರೂ ಅಲುಗಬಾರದು. ಚಹಾ ಬೇಡ, ಚಹಾ ಇದ್ದರೆ ಅವರು ವರ್ಷಗಟ್ಟಲೆ ತಡೆದುಕೊಳ್ಳಬಲ್ಲರು. ಹೊರಗಿನವರಿಗೆ ಏನಾದರೂ ತಿಳಿಸಬೇಕಾಗಿ ಬಂದರೆ ಕೊಂಬು ಮಾಡುವುದನ್ನು ನಾನು, ಸಾಯುವುದನ್ನು ಜ್ವರದ ಸಾರ್ ಮುಂಚಿತವಾಗಿ ಕಲಿಸಿಕೊಡಲು ಸಿದ್ಧರಿದ್ದೇವೆ. ಅದನ್ನು ತರಬೇತಿ ಎಂದು ಕರೆದರೆ ಅನುದಾನವೂ ಸಿಗಬಹುದು.

ಇಷ್ಟೆಲ್ಲ ಬರೆದು ತಮ್ಮ ಕೀಲು ನೋಯಿಸಿದ್ದರೆ ಕ್ಷಮೆಯಿರಲಿ. ತಾವು ಇನ್ನೊಮ್ಮೆ ಜಾಮಾದ ಶುಭಸಮಾಚಾರ ಬೇಗ ಬರಲೆಂದು ಹಾರೈಸುತ್ತ,

ಒಮ್ಮೆ ತಮ್ಮ ನಡುವೆ ಸಿಕ್ಕಿಬಿದ್ದು ಉದ್ಧಾರವಾದ,
ತಮ್ಮ ವಿಶ್ವಾಸಿ,
ದನದ ಮೇಡಂ

ತಾ.ಕ.: ಇಂಥ ಘಟನೆ ಮರುಕಳಿಸದಂತೆ ಹೊರಬಾಗಿಲಿನವರ ದುಂಡು ಗಾಜಿಗೆ ಒಳಗಿನಿಂದಲೂ ಹೊರಗಿನಿಂದಲೂ ದಪ್ಪಗೆ ಕಪ್ಪು ಬಣ್ಣ ಬಳಿಸಬೇಕೆಂದು ಸಮಿತಿ ತೀರ್ಮಾನಿಸಿದೆ, ಮೂರೂ ಇಲಾಖೆಗಳು ಒಂದೇ ದಿನದಲ್ಲಿ ಒಮ್ಮತಕ್ಕೆ ಬಂದ ಮೊದಲ ನಿರ್ಣಯವಿದು. ಬಣ್ಣಕ್ಕೆ ಬೇಕಾದ ಬ್ರಷ್ಷುಗಳನ್ನು ಊರಿನ ಒಂದು ಸಣ್ಣ ಕಾರ್ಖಾನೆಯಿಂದ ತರಿಸುತ್ತಿದ್ದಾರೆ. ಕಾರ್ಖಾನೆಯನ್ನು ತೊಳೆದು ಶುದ್ಧಮಾಡಿದ ಮೇಲೆ ಅಲ್ಲೀಗ ನೈಲಾನಿನ ಬ್ರಷ್ಷುಗಳನ್ನಷ್ಟೇ ಮಾಡುತ್ತಾರೆ. ಬ್ರಷ್ಷು ಯಾವ ಕೆಲಸಕ್ಕೆಂದು ಮಾಲೀಕರಿಗೆ ತಿಳಿಸಬಾರದೆಂದು ನನಗೆ ಕಟ್ಟಪ್ಪಣೆಯಾಗಿತ್ತು. ಈ ಸಲ ಅಕ್ಕನಿಗೆ ಹೇಳಿಬಿಟ್ಟೆ. ಗಾಜಿನ ಮೇಲೆ ಎರಡನೇ ಸಲ ಎಳೆಯುವಷ್ಟರಲ್ಲಿ ಬ್ರಷ್ಷಿನಲ್ಲಿ ಒಂದೂ ಎಳೆ ಉಳಿಯುವುದಿಲ್ಲವೆಂದು ಭಾವ ಮಾತು ಕೊಟ್ಟಿದ್ದಾರೆ.